ಗುರವ್ವ ಕೇಳಿದ ಊಟ

ರಾಮದುರ್ಗದ ಪೇಟೆಯಲ್ಲಿ ಮದುವೆ ಜವಳಿ ಎಂದರೆ ಜನರಿಗೆ ಮೊದಲು ನೆನಪಾಗುತ್ತಿದ್ದುದು ನಿಜಗುಣಪ್ಪನ ಅಂಗಡಿ. ಸುತ್ತಲಿನ ಹಳ್ಳಿಯವರು ಲಗ್ನ ಗಟ್ಟಿಯಾದ ಕೂಡಲೇ ಟೆಂಪೋ ಮಾಡಿಕೊಂಡು ಬಂದು ಅವನ ಗಾದಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಅವನ ಅಜ್ಜ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿದವನು. ಅಪ್ಪ ಇದೇ ಪೇಟೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತವನು. ನಿಜಗುಣಪ್ಪ ಬಿಳಿ ಹಾಸಿನ ಗಾದಿಯ ಮೇಲೆ ಕೂತ. ಆ ಗಾದಿಯ ಮೇಲೆ ಕೂತವನ ಮನೆಯಲ್ಲಿ ಏನು ಬೇಯಬೇಕು, ಏನು ಬೇಯಬಾರದು ಎಂಬುದನ್ನೂ ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಮನೆ ಇದ್ದದ್ದು ಅಂಗಡಿಯ ಹಿಂದೆ. ನಡುವೆ ಒಂದೇ ಗೋಡೆ. ಕಟಕೋಳದ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದ ಗುರವ್ವ ಮೊದಲ ವಾರವೇ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಾಗ, ಆ ಸಪ್ಪಳ ಗೋಡೆಯಾಚೆ ಅಂಗಡಿಯಲ್ಲಿ ಕೂತ ಗಿರಾಕಿಗಳಿಗೆ ಕೇಳಿಸಿತು. ಒಬ್ಬ ಮುದುಕ, ಸಾವಕಾರ್ರ ಮನೆಯಲ್ಲೂ ನಮ್ಮ ಊಟವೇ ಅನ್ನಿ ಎಂದು ನಕ್ಕ. ಅವನು ಸಲಿಗೆಯಿಂದ ಅಂದಿದ್ದ. ನಿಜಗುಣಪ್ಪನಿಗೆ ಅದು ಚುಚ್ಚಿತು. ಅಂದು ಮಧ್ಯಾಹ್ನ ಊಟಕ್ಕೆ ಒಳಗೆ ಬಂದವನು, ಇನ್ನು ಮುಂದೆ ಈ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಆಗಬಾರದು ಎಂದ. ಅದು ಎಪ್ಪತ್ತೆರಡನೆಯ ಇಸವಿ. ಗುರವ್ವನಿಗೆ ಹತ್ತೊಂಬತ್ತು.

ಅಂದಿನಿಂದ ಆ ಮನೆಯ ಊಟ ಬದಲಾಯಿತು. ಬೆಳಿಗ್ಗೆ ಸಕ್ಕರೆ ತುಂಬಿದ ಚಹಾ, ಬೇಕರಿಯ ಖಾರಿ ಬಿಸ್ಕೀಟು. ಮಧ್ಯಾಹ್ನ ಚಪಾತಿ, ಮಲ್ಲಿಗೆಯಂಥ ಬಿಳಿ ಅನ್ನ. ಸಂಜೆ ಮಿರ್ಚಿ ಭಜಿ. ಹಬ್ಬಕ್ಕೂ ನೆಂಟರಿಗೂ ಶಿರಾ, ಬುಂದೆ. ಗುರವ್ವ ಎಲ್ಲವನ್ನೂ ಹದವಾಗಿ ಮಾಡಿ ಬಡಿಸಿದಳು, ತಾನೂ ಅದನ್ನೇ ಉಂಡಳು. ಇಪ್ಪತ್ತು ವರ್ಷ ಅವಳ ಬಾಯಿಂದ ಆ ಬಗ್ಗೆ ಒಂದು ಮಾತು ಬರಲಿಲ್ಲ. ಇದ್ದ ಒಬ್ಬಳೇ ಮಗಳು ವಿಜಯ ಬೆಳೆದದ್ದೂ ಅದೇ ಊಟದಲ್ಲಿ. ಜೋಳದ ರೊಟ್ಟಿ ಎಂದರೆ ಅವಳಿಗೆ ಅಜ್ಜಿಯ ಊರಿಗೆ ರಜೆಗೆ ಹೋದಾಗ ಸಿಗುವ ವಸ್ತು.

ತೊಂಬತ್ನಾಲ್ಕರಲ್ಲಿ ಗುರವ್ವ ಸೊರಗತೊಡಗಿದಳು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆದುಕೊಂಡು ಹೋಗಿ, ಪಾತ್ರೆ ತೊಳೆಯುತ್ತ ಕೂತಲ್ಲೇ ತೂಕಡಿಸುತ್ತಿದ್ದಳು. ಚಪ್ಪಲಿ ಕಚ್ಚಿ ಕಾಲಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಊರಿನ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟರು. ಅನ್ನ, ಸಿಹಿ, ಮೈದಾ ಕಡಿಮೆ ಮಾಡಿ, ರೊಟ್ಟಿ, ಕಾಳು, ಸೊಪ್ಪು ತಪ್ಪಲ ಪಲ್ಯ ಜಾಸ್ತಿ ಮಾಡಿ ಎಂದೂ ಹೇಳಿದರು. ನಿಜಗುಣಪ್ಪ ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿಸಿಕೊಂಡ. ಹೊರಗೆ ಬಂದ ಮೇಲೆ, ಗುಳಿಗೆ ಇರುವುದೇ ಅದಕ್ಕಲ್ಲವೇ, ಒಂದು ಮನೆಗೆ ಎರಡು ಅಡುಗೆ ಯಾಕೆ ಎಂದ.

ಗುರವ್ವ ಗುಳಿಗೆ ನುಂಗಿದಳು. ಆದರೆ ತನ್ನ ಮೈಯೊಳಗೆ ನಡೆಯುವುದನ್ನು ಅವಳು ಗಮನಿಸತೊಡಗಿದ್ದಳು. ಚಪಾತಿ ತಿಂದ ದಿನ ಹೇಗೆ, ಅನ್ನ ಬಿಟ್ಟ ದಿನ ಹೇಗೆ, ತವರಿಗೆ ಹೋಗಿ ನಾಲ್ಕು ದಿನ ರೊಟ್ಟಿ, ಹೆಸರುಕಾಳು ತಿಂದಾಗ ಹೇಗೆ. ಒಂದು ದಿನ ಗಂಡನಿಗೆ ಬಡಿಸಿ, ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು.

"ನನ್ನ ಮೈ ಈ ಅನ್ನಾನ ಒಲ್ಲೆ ಅಂತೈತ್ರಿ. ಉಂಡ ಮ್ಯಾಲೆ ಕಲ್ಲು ಹೊತ್ತಂಗ ಆಕ್ಕೈತಿ. ನನ್ನ ಪೂರ್ತೆ ಒಂದೆರಡ ರೊಟ್ಟಿ ಮಾಡಿಕೊಳ್ಳಲೇನ್ರಿ?"

ನಿಜಗುಣಪ್ಪ ನಕ್ಕ. ಮೈ ಯಾವಾಗಿನಿಂದ ಮಾತಾಡಲು ಕಲಿಯಿತು ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹೆಂಡತಿಯನ್ನು ಅವನು ಬೆಳಗಾವಿಯ ದೊಡ್ಡ ಡಾಕ್ಟರಿಗೆ ತೋರಿಸಿದ, ಹೊಸ ಗುಳಿಗೆ ತರಿಸಿದ, ಯಾವುದಕ್ಕೂ ಕೈ ಹಿಂದೆ ತೆಗೆಯಲಿಲ್ಲ. ಗೋಡೆಯಾಚೆಗೆ ಸಪ್ಪಳ ಕೇಳಬಾರದು ಎಂಬುದೊಂದನ್ನು ಮಾತ್ರ ಬಿಡಲಿಲ್ಲ.

ನೇಕಾರರ ಓಣಿಯ ತುದಿಯಲ್ಲಿ ಬಾಯವ್ವ ಎಂಬ ಹೆಂಗಸು ಇದ್ದಳು. ಅವಳ ಗಂಡ ಬೀರಪ್ಪ ಹೊಳೆಯ ದಂಡೆಯ ಒಂದು ತುಂಡು ಹೊಲ ಮಾಡುತ್ತಿದ್ದ. ಬಾಯವ್ವ ಮನೆಯಲ್ಲೇ ರೊಟ್ಟಿ ಬಡಿದು ಬೇಕಾದವರಿಗೆ ಮಾರುತ್ತಿದ್ದಳು. ಅವಳೂ ಕಟಕೋಳದವಳೇ. ಅವಳ ತಾಯಿ ಗುರವ್ವನ ತವರಿನ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಆಗ ಈ ಇಬ್ಬರು ಹುಡುಗಿಯರು ಬದುವಿನ ಮೇಲೆ ಒಂದೇ ಬುತ್ತಿ ಬಿಚ್ಚಿಕೊಂಡು ಉಂಡವರು. ಗುರವ್ವ ಪ್ರತಿ ಸೋಮವಾರ ಗುಡಿಗೆ ಹೋಗಿ ಬರುವಾಗ ಬಾಯವ್ವನ ಕಟ್ಟೆಯ ಮೇಲೆ ಕೂರತೊಡಗಿದಳು. ಬಾಯವ್ವ ಬಿಸಿ ರೊಟ್ಟಿಯ ಮೇಲೆ ಗುರೆಳ್ಳ ಹಿಂಡಿಯ ಚಟ್ನಿಪುಡಿ, ಹಸಿ ಹಕ್ಕರಕಿ ತಪ್ಪಲ ಇಟ್ಟು ಕೊಡುತ್ತಿದ್ದಳು. ಒಮ್ಮೊಮ್ಮೆ ನವಣಕ್ಕಿ ಅನ್ನ, ಮಜ್ಜಿಗೆ.

ಎಂಟು ಸೋಮವಾರ ಹೀಗೆ ನಡೆಯಿತು. ಒಂಬತ್ತನೆಯದು ತೊಂಬತ್ತೈದರ ಕಾರ್ತಿಕ ಮಾಸದ್ದು. ನೇಕಾರರ ಮನೆಯಿಂದ ಸೀರೆ ತರಲು ಹೊರಟಿದ್ದ ನಿಜಗುಣಪ್ಪ ಆ ಓಣಿಯಲ್ಲಿ ಬಂದ. ತನ್ನ ಹೆಂಡತಿ, ಕೈಯಲ್ಲಿದ್ದ ಪೂಜೆಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಬಾಯವ್ವನ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿರುವುದನ್ನು ಕಂಡ. ಅಕ್ಕಪಕ್ಕದ ಮಗ್ಗಗಳಲ್ಲಿ ಕೂತವರು ಅವನನ್ನು ನೋಡಿ ಕೈ ನಿಲ್ಲಿಸಿದರು. ಅವನು ಕೂಗಲಿಲ್ಲ. ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ.

"ನಮ್ಮ ಮನ್ಯಾಗ ಕೂಳಿಗೆ ಕಡಿಮಿ ಆಗೇತಂತ ಊರಿಗೆ ತೋರಸಾಕ ಬಂದೀಯೇನು? ಅದೂ ಇವರ ಕಟ್ಟಿ ಮ್ಯಾಲೆ?"

ಬಾಯವ್ವ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಗುರವ್ವ ಅರ್ಧ ಉಳಿದಿದ್ದ ರೊಟ್ಟಿಯನ್ನು ಮಡಚಿ ತಾಟಿನಲ್ಲಿಟ್ಟಳು. ಕೈ ತೊಳೆದಳು. ಪೂಜೆಯ ತಟ್ಟೆ ಎತ್ತಿಕೊಂಡು ಗಂಡನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದು ಮನೆಗೆ ಬಂದಳು. ಆಮೇಲೆ ಅವಳು ಆ ಓಣಿಗೆ ಹೋಗಲಿಲ್ಲ. ರೊಟ್ಟಿಯ ಮಾತನ್ನೂ ಎತ್ತಲಿಲ್ಲ. ತೊಂಬತ್ತಾರರಲ್ಲಿ ವಿಜಯಳ ಮದುವೆಯಾಯಿತು. ಬೈಲಹೊಂಗಲದ ಕಡೆಯವರು ಐದು ನಮೂನೆಯ ಸಿಹಿ ಉಂಡು ಹೊಗಳಿ ಹೋದರು. ಬಡಿಸಲು ಓಡಾಡಿದ ಗುರವ್ವನ ಪಾದಗಳು ಆ ಸಂಜೆ ಊದಿಕೊಂಡವು. ಮತ್ತೆ ಪೂರ್ತಿ ಇಳಿಯಲೇ ಇಲ್ಲ.

ಮೊದಲು ಕಣ್ಣು ಮಂಜಾಯಿತು. ನಂತರ ಕಿಡ್ನಿಗೆ ತಾಕಿದೆ ಎಂದರು. ಬೆಳಗಾವಿಗೆ ಹೋಗಿ ಬಂದು ಹೋಗಿ ಬಂದು, ಕೊನೆಗೆ ಅಲ್ಲಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ, ಒಂದು ಮಧ್ಯಾಹ್ನ, ಗುರವ್ವ ತೀರಿಕೊಂಡಳು. ನಲವತ್ತಾರು ವರ್ಷ. ಮೂರು ದಿನ ಅಂಗಡಿ ಮುಚ್ಚಿತ್ತು. ನಿಜಗುಣಪ್ಪ ಅತ್ತ. ತನ್ನ ಕೈಲಾದದ್ದೆಲ್ಲ ಮಾಡಿದೆ ಎಂದು ಬಂದವರಿಗೆಲ್ಲ ಹೇಳಿದ. ಹಾಗೆಂದೇ ನಂಬಿದ್ದ ಕೂಡ.

ಆಮೇಲೆ ಅವನ ಊಟ ಮಲಕಾಜಪ್ಪನ ಖಾನಾವಳಿಯಲ್ಲಿ. ಅಲ್ಲಿ ರೊಟ್ಟಿ ಇರುತ್ತಿತ್ತು. ನಿಜಗುಣಪ್ಪ ಚಪಾತಿ, ಅನ್ನ ಹೇಳುತ್ತಿದ್ದ. ಸಂಜೆಯ ಭಜಿ ಬಿಡಲಿಲ್ಲ. ಮನೆಯಲ್ಲಿ ಮಾತಾಡುವವರಿಲ್ಲದ್ದಕ್ಕೆ ಬಾಯಿಗೆ ಏನಾದರೂ ಬೇಕೆನಿಸಿ ಕರಿದ ಶೇವಿನ ಪೊಟ್ಟಣ ಗಾದಿಯ ಪಕ್ಕದಲ್ಲೇ ಇರತೊಡಗಿತು. ಎರಡು ಸಾವಿರದ ಇಸವಿಯ ಬೇಸಗೆಯಲ್ಲಿ ಅವನ ಪಾದಗಳು ಉರಿಯಲು ಶುರುವಾದವು, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಅದೇ ಡಾಕ್ಟರು, ಅದೇ ತಪಾಸಣೆ, ಅದೇ ಕಾಯಿಲೆ. ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಬಳಿಕ, ಆರು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಹೇಳಿದ್ದನ್ನೇ ಹೇಳಿದರು. ನಿಜಗುಣಪ್ಪನಿಗೆ ಆ ಮಾತು ಮೊದಲ ಸಲ ಕೇಳಿದಂತೆ ಇತ್ತು. ಗುಳಿಗೆ ಇಸಿದುಕೊಂಡು ಬಂದ. ಊಟ ಬದಲಿಸಲಿಲ್ಲ.

ಬದಲಾದದ್ದು ಒಂದು ಸಣ್ಣ ಅವಮಾನದಿಂದ. ಆಷಾಢ ಮುಗಿಯುವ ಹೊತ್ತಿಗೆ ಹಳ್ಳಿಯಿಂದ ಒಂದು ಲಗ್ನದ ಜನ ಬಂದಿದ್ದರು. ಮಧ್ಯಾಹ್ನ ಮೂರರ ಸುಮಾರು. ನಿಜಗುಣಪ್ಪ ಇಳಕಲ್ ಸೀರೆಯೊಂದನ್ನು ಬಿಚ್ಚಿ ಸೆರಗು ತೋರಿಸುತ್ತಿದ್ದವನು, ಹಾಗೆಯೇ ಅದರ ಮೇಲೆ ಬಾಗಿ ನಿದ್ದೆ ಹೋದ. ಎಚ್ಚರವಾದಾಗ ಎಂಟು ಜನ ಗಾದಿಯ ಮೇಲೆ ತುಟಿ ಬಿಚ್ಚದೆ ಕೂತಿದ್ದರು. ಮದುಮಗಳ ಸೋದರತ್ತೆ ಉಳಿದವರಿಗೆ ಸುಮ್ಮನಿರಲು ಕೈಸನ್ನೆ ಮಾಡುತ್ತಿದ್ದಳು. ಮದುವೆಯ ಸೀರೆಯ ಮೇಲೆ ಅವನ ಜೊಲ್ಲು ಸುರಿದಿತ್ತು. ಅವರು ಬೇರೆ ಸೀರೆ ತೋರಿಸಿ ಎಂದರು.

ಶ್ರಾವಣದ ಮೊದಲ ಸೋಮವಾರ ಅವನು ಒಪ್ಪತ್ತು ಇದ್ದ. ಬೆಳಿಗ್ಗೆ ಕುದಿಸಿದ ಶೇಂಗಾ, ಒಂದು ಬಟ್ಟಲು ಮೊಸರು. ಮಧ್ಯಾಹ್ನ ಮೂರಕ್ಕೆ ಅವನ ತಲೆ ತಿಳಿಯಾಗಿತ್ತು. ಅವನಿಗೆ ಅದು ಗಮನಕ್ಕೆ ಬಂತು. ಮಂಗಳವಾರ ಖಾನಾವಳಿಯ ಅನ್ನ ಉಂಡ. ಮೂರಕ್ಕೆ ಕಣ್ಣು ಮುಚ್ಚಿಕೊಂಡು ಬಂತು. ಮುಂದಿನ ಸೋಮವಾರ ಮತ್ತೆ ತಲೆ ತಿಳಿ. ಬಟ್ಟೆ ಮುಟ್ಟಿ ನೂಲಿನ ಎಳೆ ಹೇಳುವ ಮನುಷ್ಯ ಅವನು. ತನ್ನ ಮೈಯನ್ನು ಹಾಗೆ ಮುಟ್ಟಿ ನೋಡಿರಲಿಲ್ಲ, ಅಷ್ಟೇ.

ಒಮ್ಮೆಗೇ ಏನನ್ನೂ ಬಿಡಲಿಲ್ಲ. ಮೊದಲು ಚಹಾದ ಸಕ್ಕರೆ ಅರ್ಧ ಮಾಡಿದ. ಹದಿನೈದು ದಿನ ಚಹಾ ಬಾಯಿಗೆ ಹತ್ತಲಿಲ್ಲ. ಆಮೇಲೆ ಬೇರೆಯವರ ಮನೆಯ ಚಹಾ ಪಾಕದಂತೆ ಅನಿಸತೊಡಗಿತು. ದಸರೆಯ ಹೊತ್ತಿಗೆ ಮಲಕಾಜಪ್ಪನಿಗೆ, ಮಧ್ಯಾಹ್ನಕ್ಕೆ ಒಂದು ರೊಟ್ಟಿ ಹಾಕು ಎಂದ. ತಿಂದ ಮೇಲೆ ಒಂದು ತಾಸು ತನ್ನನ್ನೇ ಕಾದು ನೋಡಿದ. ಹೊಟ್ಟೆ ತುಂಬಿತ್ತು, ಭಾರವಾಗಿರಲಿಲ್ಲ. ಒಂದು ರೊಟ್ಟಿ ಎರಡಾಯಿತು, ಅನ್ನ ತುತ್ತಿಗೆ ಇಳಿಯಿತು. ಸಂಜೆ ನಾಲ್ಕಕ್ಕೆ ಭಜಿಯ ವಾಸನೆ ಬಂದಾಗ ತಕ್ಷಣ ಏಳದೆ, ಇದು ಹಸಿವೋ ಚಾಳಿಯೋ ಎಂದು ಕೇಳಿಕೊಂಡ. ಎಷ್ಟೋ ಸಲ ಅದು ನೀರಡಿಕೆ. ಕೆಲವು ಸಲ ಹಸಿವೇ. ಆಗ ಒಂದು ಹಿಡಿ ನೆನೆಸಿದ ಮಡಕಿಕಾಳು ತಿಂದ. ಮತ್ತೆ ಕೆಲವು ಸಲ ಸುಮ್ಮನೆ ಒಂಟಿತನ. ಅದಕ್ಕೆ ಏನು ತಿನ್ನಬೇಕೆಂದು ತಿಳಿಯದೆ ಎರಡು ಭಜಿ ತಿಂದು, ಎದೆಯುರಿಯಿಂದ ಒದ್ದಾಡಿದ.

ಖಾನಾವಳಿಯ ಪಲ್ಯದಲ್ಲಿ ಎಣ್ಣೆ ತೇಲುತ್ತಿತ್ತು. ಅದೂ ಒಗ್ಗದಾಯಿತು. ಒಂದು ದಿನ ನಿಜಗುಣಪ್ಪ ನೇಕಾರರ ಓಣಿಯ ತುದಿಗೆ ಹೋಗಿ ಬಾಯವ್ವನ ಬಾಗಿಲಲ್ಲಿ ನಿಂತ. ಐದು ವರ್ಷವಾಗಿತ್ತು. ಹೇಗೆ ಮಾತು ತೆಗೆಯುವುದೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದ. ಬಾಯವ್ವ ಅವನ ಮುಖ ನೋಡಿದಳು, ಒಳಗೆ ಹೋದಳು, ಎರಡು ರೊಟ್ಟಿ ಬಿಳಿ ಅರಿವೆಯಲ್ಲಿ ಸುತ್ತಿ ತಂದಳು. ಬಿಸಿ ಇವೆ, ಆರಲು ಬಿಡಬೇಡಿ ಎಂದಷ್ಟೇ ಹೇಳಿದಳು.

ಅಂದಿನಿಂದ ದಿನಾ ಹೋಗತೊಡಗಿದ. ಬಾಯವ್ವ ರೊಟ್ಟಿಯ ಜೊತೆ ಹಿಂಡಿ ಇಟ್ಟಳು, ಬರಬರುತ್ತ ಪುಂಡಿ ಪಲ್ಯ, ಮೆಂತೆ ತಪ್ಪಲ. ಬೆಳಿಗ್ಗೆಗೆ ಜೋಳದ ನುಚ್ಚು ಹೇಗೆ ಬೇಯಿಸುವುದೆಂದು ಕೇಳಿದಾಗ, ಮೂರು ಮಾತಿನಲ್ಲಿ ಹೇಳಿಕೊಟ್ಟಳು. ನಿಜಗುಣಪ್ಪ ಹುಟ್ಟಿದಾಗಿನಿಂದ ಒಲೆ ಮುಟ್ಟಿದವನಲ್ಲ. ಮೊದಲ ದಿನ ನುಚ್ಚು ತಳ ಹಿಡಿಯಿತು, ಎರಡನೆಯ ದಿನ ನೀರಾಯಿತು, ನಾಲ್ಕನೆಯ ದಿನ ಮಜ್ಜಿಗೆ ಹಾಕಿಕೊಂಡು ಉಣ್ಣುವ ಹಾಗಾಯಿತು. ಖಾರಿಯ ಡಬ್ಬಿ ಖಾಲಿಯಾದ ಮೇಲೆ ಮತ್ತೆ ತುಂಬಲಿಲ್ಲ. ಹೀಗೆ ವರ್ಷ ಕಳೆಯಿತು. ಗುಳಿಗೆ ನಡೆದೇ ಇತ್ತು, ಆದರೆ ಡಾಕ್ಟರು ಅದನ್ನು ಅರ್ಧಕ್ಕೆ ಇಳಿಸಿದರು. ಪಾದದ ಉರಿ ಮೊದಲು ಬೆರಳಿಗೆ ಸರಿಯಿತು, ಆಮೇಲೆ ಒಂದು ದಿನ ಇಲ್ಲವಾಯಿತು.

ಎರಡು ಸಾವಿರದ ಎರಡರ ಸಂಕ್ರಾಂತಿಯ ಮುನ್ನಾದಿನ. ಬಾಯವ್ವ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ನಿಜಗುಣಪ್ಪ ಈಗ ಕಟ್ಟೆಯ ಮೇಲೆಯೇ ಕೂತು ಉಣ್ಣುತ್ತಿದ್ದ. ಓಣಿಯ ಜನ ನೋಡಿದರೆ ನೋಡಲಿ ಎನ್ನುವ ಹಾಗಾಗಿದ್ದ. ಅಂದು ಅವನ ಮನಸ್ಸು ಹಗುರವಿತ್ತು. ಕಾಲುರಿ ಪೂರ್ತಿ ಹೋಯಿತು, ನನ್ನ ಕಾಲು ನನಗೆ ತಿರುಗಿ ಬಂದ ಹಾಗೆ ಆಗಿದೆ ಎಂದ.

ಬಾಯವ್ವನ ಕೈ ನಿಂತಿತು.

"ಅಕ್ಕಾರೂ ಹಿಂಗ ಅಂದಿದ್ರು, ಸಾವಕಾರ್ರ. ಇದ ಜಾಗಾದಾಗ ಕುಂತು. ಬಾಯವ್ವಾ, ಸೋಮಾರ ಒಂದ ದಿನ ನನ್ನ ಕಾಲು ನನ್ನವು ಅನಸತಾವ ಅಂದಿದ್ರು."

ನಿಜಗುಣಪ್ಪ ಬಾಯಿಗೆ ಒಯ್ದ ತುತ್ತನ್ನು ಕೆಳಗಿಟ್ಟ. ಇನ್ನೇನು ಅಂದಿದ್ದಳು ಎಂದು ಕೇಳಿದ. ಬಾಯವ್ವ ಹೇಳುವುದೋ ಬೇಡವೋ ಎಂಬಂತೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. ಬಳಿಕ ಹೇಳಿದಳು. ಗುರವ್ವ ತೀರಿಕೊಳ್ಳುವುದಕ್ಕೆ ಹತ್ತು ದಿನ ಮೊದಲು, ಮನೆಗೆ ಹಾಲು ಹಾಕಲು ಬರುತ್ತಿದ್ದ ಮಾಯವ್ವನ ಕೈಯಲ್ಲಿ ಹೇಳಿ ಕಳಿಸಿದ್ದಳಂತೆ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಒಂದು ಬಟ್ಟಲು ನವಣಕ್ಕಿ ಗಂಜಿ ಕುಡಿಯಬೇಕು ಅನಿಸಿದೆ, ತಂದುಕೊಡು ಎಂದು. ಬಾಯವ್ವ ಅಂದೇ ಗಂಜಿ ಕಾಸಿ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು.

"ನೀವ ಬಾಗಲದಾಗ ನಿಂತಿದ್ರಿ. ನೆಂಟರು ಇದ್ರು. ಅಂಗಡಿ ಬಂದ್ ಐತಿ, ಆಮ್ಯಾಲೆ ಬಾ ಅಂದ್ರಿ ನನಗ. ನಾ ಬಂದದ್ದು ಅಂಗಡಿಗಿ ಅಲ್ಲ ಅನ್ನೂದರಾಗ ಒಳಗಿಂದ ಅಕ್ಕಾರು, ಯಾರ್ರಿ ಅಂತ ಕೇಳಿದ್ರು. ನೀವು, ಯಾರೂ ಇಲ್ಲ ಅಂದ್ರಿ."

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹೋಗಿಬಿಟ್ಟಳಂತೆ. ಹಿಂದೆ ಒಮ್ಮೆ ಆದದ್ದು ಮತ್ತೆ ಆಗುವುದು ಬೇಡ ಎಂದುಕೊಂಡು. ಗಟ್ಟಿಯಾಗಿ ಒಂದು ಮಾತು ಕೂಗಿ ಹೇಳಿದ್ದರೆ ಆಗುತ್ತಿತ್ತು ಎಂದು ತನಗೂ ಇವತ್ತಿಗೂ ಅನಿಸುತ್ತದೆ ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ನಿಜಗುಣಪ್ಪನಿಗೆ ಏನಾದರೂ ಆಸರೆ ಸಿಗುತ್ತಿತ್ತೇನೋ.

ಅವನು ಆ ದಿನವನ್ನು ನೆನಪಿಸಿಕೊಳ್ಳಲು ಯತ್ನಿಸಿದ. ನೆಂಟರು ನೆನಪಾದರು, ಅವರಿಗೆ ಮಾಡಿಸಿದ ಚಹಾ ನೆನಪಾಯಿತು, ಅರ್ಧ ಮುಚ್ಚಿದ ಅಂಗಡಿಯ ಬಾಗಿಲು ನೆನಪಾಯಿತು. ಬಾಯವ್ವ ನೆನಪಾಗಲಿಲ್ಲ. ಗುರವ್ವನ ಆ ಪ್ರಶ್ನೆ ನೆನಪಾಗಲಿಲ್ಲ. ವಾರಗಟ್ಟಲೆ ಗಾದಿಯ ಮೇಲೆ ಕೂತು ಅದನ್ನೇ ಹುಡುಕಿದ. ಹೆಂಡತಿ ಕೊನೆಯದಾಗಿ ಬೇಡಿದ ಒಂದು ಬಟ್ಟಲು ಗಂಜಿಯನ್ನು ಬಾಗಿಲಿಂದ ತಿರುಗಿಸಿ ಕಳಿಸಿದವನಿಗೆ ಅದು ನೆನಪೂ ಉಳಿದಿರಲಿಲ್ಲ.

ಡಾಕ್ಟರ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿದ. ನಾನು ಈಗ ಉಣ್ಣುವುದನ್ನು ಅವಳು ಆಗ ಉಂಡಿದ್ದರೆ ಬದುಕುತ್ತಿದ್ದಳೇ ಎಂದು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಂಗಂತ ಹೇಳಾಕ ಬರೂದಿಲ್ಲ ನಿಜಗುಣಪ್ಪನವರ. ಬರೇ ಊಟದಿಂದ ಎಲ್ಲಾ ವಾಸಿ ಆಕ್ಕೈತಿ ಅಂತ ನಾ ಅನ್ನೂದಿಲ್ಲ. ಬದುಕತಿದ್ರೋ ಇಲ್ಲೋ, ದೇವರಿಗೇ ಗೊತ್ತು. ಇದ್ದಷ್ಟ ದಿನ ಹಗುರ ಇರತಿದ್ರು, ಅಷ್ಟ ಹೇಳಬಲ್ಲೆ."

ಹೌದು ಎಂದಿದ್ದರೆ ತಾನು ಕೊಂದವನು ಎಂದಾದರೂ ಗೊತ್ತಾಗುತ್ತಿತ್ತು. ಇಲ್ಲ ಎಂದಿದ್ದರೆ ಉಸಿರಾಡಬಹುದಿತ್ತು. ಡಾಕ್ಟರು ಎರಡನ್ನೂ ಕೊಡಲಿಲ್ಲ. ಕೊಟ್ಟದ್ದು ರಕ್ತ ತಪಾಸಣೆಯ ಕಾಗದ. ಎಲ್ಲ ಚೆನ್ನಾಗಿದೆ, ಹೀಗೇ ಇರಿ ಎಂದು ಬೆನ್ನು ತಟ್ಟಿ ಕಳಿಸಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಕಾಗದ ಹಿಡಿದು ನಿಂತ ನಿಜಗುಣಪ್ಪನಿಗೆ, ಇದನ್ನು ಯಾರಿಗೆ ತೋರಿಸಬೇಕೆಂದು ತಿಳಿಯಲಿಲ್ಲ.

ಬೈಲಹೊಂಗಲದ ಬಸ್ಸು ಹಿಡಿದ. ವಿಜಯಳಿಗೆ ಆಗ ಮೂರು ವರ್ಷದ ಮಗಳಿದ್ದಳು, ಶಿವಾನಿ ಎಂದು. ಅಳಿಯ ಕೆಲಸಕ್ಕೆ ಹೋಗಿದ್ದ, ಅತ್ತೆ ನೆರೆಮನೆಯಲ್ಲಿದ್ದಳು. ವಿಜಯ ಮೆಂತೆ ತಪ್ಪಲ ಸೋಸುತ್ತ ಕೂತಿದ್ದಳು. ನಿಜಗುಣಪ್ಪ ಅವಳೆದುರು ಕೂತು ಎಲ್ಲವನ್ನೂ ಹೇಳಿದ: ಕಟ್ಟೆಯ ಮೇಲಿನ ಮಾತು, ಗಂಜಿಯ ಡಬ್ಬಿ, ಯಾರೂ ಇಲ್ಲ ಎಂದದ್ದು. ಮಗಳು ಅಳಬಹುದು, ಬೈಯಬಹುದು, ಹೋಗಲಿ ಬಿಡಿ ಎನ್ನಬಹುದು ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದ. ಅವಳು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅವ್ವನ ಮೈ ಐದು ವರ್ಷ ಕೇಳ್ತು ಅಪ್ಪಾ, ನೀವು ಕೇಳಲಿಲ್ಲ. ನಿಮ್ಮ ಮೈ ಕೇಳಿದ ಕೂಡಲೇ ಕೇಳಿದ್ರಿ."

ನಿಜಗುಣಪ್ಪ ತಲೆ ತಗ್ಗಿಸಿದ. ಮತ್ತೊಂದು ಹಿಡಿ ತಪ್ಪಲ ತೆಗೆದುಕೊಂಡು ಅವಳೇ ಮುಂದುವರಿಸಿದಳು. ತಾನೂ ಅದೇ ಮನೆಯಲ್ಲಿದ್ದೆ, ಅವ್ವ ರೊಟ್ಟಿ ಮಾಡಿಕೊಳ್ಳಲೇ ಎಂದು ಕೇಳಿದ ದಿನ ತಾನೂ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ, ಅಪ್ಪ ನಕ್ಕಾಗ ತಾನೂ ನಕ್ಕೆ ಎಂದಳು. ಆ ನಗು ತನಗೆ ಮರೆಯುವುದಿಲ್ಲ ಎಂದಳು. ಅದಕ್ಕೇ ಈ ಮನೆಗೆ ಬಂದ ಮೇಲೆ, ತನಗೆ ಒಗ್ಗುವ ಊಟಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ. ಅತ್ತೆ ಮೂರು ತಿಂಗಳು ಮಾತು ಬಿಟ್ಟರು, ಆಮೇಲೆ ಅವರೂ ಅದನ್ನೇ ಉಣ್ಣತೊಡಗಿದರು ಎಂದಳು. ಮೊಮ್ಮಗಳು ಬಾಗಿಲ ಹತ್ತಿರ ಕೂತು ಒಣ ರೊಟ್ಟಿಯ ತುಂಡೊಂದನ್ನು ಕಟಕಟನೆ ಕಡಿಯುತ್ತಿದ್ದಳು. ನಿಜಗುಣಪ್ಪ ಆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ವಿಜಯ ತಾಟು ಹಾಕಿದಳು. ಊಟ ಮಾಡಿ, ಬಸ್ಸಿಗೆ ಹೊತ್ತಾಗುತ್ತದೆ ಎಂದಳು. ಅವನು ಉಂಡ. ಬಾಗಿಲ ತನಕ ಬಂದ ಮಗಳು ಅಲ್ಲೇ ನಿಂತಳು, ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ಊರಿಗೆ ಮರಳಿದ ಮರುದಿನ ನಿಜಗುಣಪ್ಪ ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನ ಪೇಟೆಗೆ ಹೋಗಿ ಅರ್ಧ ಕಿಲೋ ಜಿಲೇಬಿ, ಒಂದು ಪುಡಿಕೆ ಮಿರ್ಚಿ ಭಜಿ ಕಟ್ಟಿಸಿಕೊಂಡ. ಮಲಪ್ರಭೆಯ ದಂಡೆಗೆ ನಡೆದು, ಯಾರೂ ಬರದ ಕಡೆ ಕಲ್ಲಿನ ಮೇಲೆ ಕೂತ. ಅವಳನ್ನು ಹಾಳು ಮಾಡಿದ ಊಟ ತನ್ನನ್ನೂ ಹಾಳು ಮಾಡಲಿ, ಅವಳು ಹೋದ ದಾರಿಯಲ್ಲೇ ತಾನೂ ಹೋಗುತ್ತೇನೆ ಎಂದು ಲೆಕ್ಕ ಹಾಕಿದ್ದ. ಮೊದಲ ಜಿಲೇಬಿ ಬಾಯಿಗಿಟ್ಟಾಗ ನಾಲಿಗೆಗೆ ಡಾಲ್ಡಾದ ಮೇಣ ಹತ್ತಿತು. ಎರಡನೆಯದಕ್ಕೆ ಹಲ್ಲು ಜುಂ ಎಂದಿತು. ನಾಲ್ಕನೆಯದರ ಹೊತ್ತಿಗೆ ಗಂಟಲು ಕಟ್ಟಿತು. ಅವನು ಬಿಡಲಿಲ್ಲ, ಕಣ್ಣು ಮುಚ್ಚಿ ತುರುಕಿಕೊಂಡ, ಮೇಲೆ ಭಜಿ ಒತ್ತಿದ. ಮೈ ಒಪ್ಪಲಿಲ್ಲ. ಎಲ್ಲವನ್ನೂ ಕಲ್ಲಿನ ಪಕ್ಕದಲ್ಲೇ ಕಾರಿಸಿಬಿಟ್ಟಿತು. ಆಮೇಲೂ ಬರೀ ಕಹಿ ನೀರು ಬರುವ ತನಕ ಬಿಡಲಿಲ್ಲ.

ಮೂರು ದಿನ ಹಾಸಿಗೆ ಹಿಡಿದ. ನಾಲ್ಕನೆಯ ದಿನ ಬೆಳಿಗ್ಗೆ ಹೊಟ್ಟೆ ಸಣ್ಣಗೆ ಕೇಳಿತು: ನುಚ್ಚು, ಮಜ್ಜಿಗೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಕೇಳಿಸಿಕೊಳ್ಳಬಾರದೆಂದು ಹಟ ಹಿಡಿದ. ಇಪ್ಪತ್ತೇಳು ವರ್ಷ ಇನ್ನೊಬ್ಬಳ ಹೊಟ್ಟೆಗೆ ಕಿವುಡಾಗಿದ್ದವನಿಗೆ ತನ್ನ ಹೊಟ್ಟೆಗೆ ಅರ್ಧ ದಿನ ಕಿವುಡಾಗಲು ಆಗಲಿಲ್ಲ. ಮಧ್ಯಾಹ್ನ ಎದ್ದು ಒಲೆ ಹಚ್ಚಿದ. ಉಣ್ಣುವಾಗ ಅತ್ತ, ಅತ್ತರೂ ಉಂಡ.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಅವನ ಮೈ ಚೆನ್ನಾಗಿ ಆಯಿತು. ಹೊಟ್ಟೆ ಕರಗಿತು, ಮುಖಕ್ಕೆ ಕಳೆ ಬಂತು. ಪಕ್ಕದ ಅಂಗಡಿಯ ಬಸಲಿಂಗಪ್ಪ ತನ್ನ ಹೆಂಡತಿಯನ್ನು ಕರೆತಂದು, ಏನೇನು ತಿನ್ನುತ್ತೀರಿ ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದ. ನಿಜಗುಣಪ್ಪ, ಚೀಟಿ ಬೇಡ, ಮನೆಯಲ್ಲಿ ಯಾರಿಗೆ ಏನು ಒಗ್ಗುತ್ತದೆ ಎಂದು ಅವರನ್ನೇ ಕೇಳಿ ಎಂದ. ಬಸಲಿಂಗಪ್ಪನಿಗೆ ಇದು ಹೇಳಲು ಮನಸ್ಸಿಲ್ಲದವನ ಜಾರಿಕೆಯ ಮಾತಿನಂತೆ ಕಂಡಿತು. ಅವನ ಹೆಂಡತಿ ಮಾತ್ರ ನಿಜಗುಣಪ್ಪನ ಮುಖವನ್ನು ಒಂದು ಕ್ಷಣ ನೋಡಿ, ಗಂಡನ ಹಿಂದೆ ಹೊರಟುಹೋದಳು.

ವಿಜಯ ವರ್ಷಕ್ಕೊಮ್ಮೆ, ತಾಯಿ ತೀರಿದ ದಿನ ಬರುತ್ತಿದ್ದಳು. ಅಡುಗೆ ಮಾಡಿ ಎಡೆ ಇಡುತ್ತಿದ್ದಳು. ಅಪ್ಪನೊಂದಿಗೆ ಬೇಕಾದಷ್ಟೇ ಮಾತು. ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಕಣ್ಣು ಕಾಣದಾಗಿ ಬಾಯವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಳು. ನಿಜಗುಣಪ್ಪ ತಾನೇ ಬಡಿಯಲು ಕಲಿತ. ಆ ಸಪ್ಪಳ ಗೋಡೆಯಾಚೆಗೆ ಹೋಗುತ್ತಿತ್ತು. ಯಾವ ಗಿರಾಕಿಯೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎರಡು ಸಾವಿರದ ಏಳರಲ್ಲಿ ಅವನಿಗೆ ಅರವತ್ತು ತುಂಬಿತು. ಆ ಚಳಿಗಾಲದ ಒಂದು ಬೆಳಿಗ್ಗೆ ಯಾರೋ ತೊರಗಲ್ಲಿಗೆ ಹೊರಟ ಟೆಂಪೋದಲ್ಲಿ ತಾನೂ ಹೋಗಿ, ಕೋಟೆಯ ಗುಡ್ಡ ಹತ್ತಿದ. ಜೊತೆಗೆ ಹತ್ತಿದವರು ನಡುನಡುವೆ ಕೂತು ಸುಧಾರಿಸಿಕೊಂಡರು. ಅವನಿಗೆ ಎಲ್ಲಿಯೂ ಕೂರಬೇಕೆನಿಸಲಿಲ್ಲ. ಮೇಲೆ ತಲುಪಿ ಮುರಿದ ಗೋಡೆಯ ಮೇಲೆ ನಿಂತಾಗ ಉಸಿರು ಸರಾಗವಾಗಿತ್ತು, ಎದೆ ತಪ್ಪದೆ ಬಡಿದುಕೊಳ್ಳುತ್ತಿತ್ತು. ಕೆಳಗೆ ಬಿಳಿಜೋಳದ ಹೊಲಗಳು ತೆನೆ ಹಿಡಿದು ನಿಂತಿದ್ದವು. ಈ ಮೈ ಇನ್ನೂ ಇಪ್ಪತ್ತು ವರ್ಷ ಹೀಗೇ ನಡೆಯಬಹುದು ಎಂದು ಅವನಿಗೆ ಹೊಳೆಯಿತು. ಆ ಯೋಚನೆ ಅವನನ್ನು ಹೆದರಿಸಿತು. ಯಾರಿಗಾಗಿ, ಏತಕ್ಕಾಗಿ ಎಂದು ಕೇಳಿಕೊಂಡ.

ಬಿಸಿಲು ಏರಿತು. ಸರಿಯಾದ ಹೊತ್ತಿಗೆ ಹಸಿವಾಯಿತು. ಬುತ್ತಿ ಬಿಚ್ಚಿ ಉಂಡ. ಇಳಿಯುವಾಗಲೂ ಕಾಲು ನೋಯಲಿಲ್ಲ.